ಹಳದಿ ಅಂಚು

ಮುಂಬಯಿ ಹತ್ತಿರದ ಠಾಕುರ್ಲಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಉಡುಪಿ ಕಡೆಯ ಅಕ್ಕ ಯಾರ ಮನೆಗೆ ಹೋದರೂ ಗಿಡದ ಒಂದು ಎಲೆ ಕೇಳಿ ತರುತ್ತಿದ್ದರು. ಅದನ್ನು ತುಂಡು ಮಾಡಿ, ತಲೆಕೆಳಗಾಗಿ ನೆಟ್ಟರೆ ಬೇರು ಬಿಡುವುದಿಲ್ಲವೆಂದು ಪ್ರತಿ ತುಂಡಿನ ಬುಡಕ್ಕೆ ಗುರುತಿಗಾಗಿ ಉಗುರಿನಿಂದ ಗೀರು ಹಾಕಿ ಊರುತ್ತಿದ್ದರು. "ಅವಸರ ಮಾಡ್ಲಿಕ್ಕೆ ಇಲ್ಲ, ಬೇರು ಬರ್ತದೆ," ಎನ್ನುತ್ತಿದ್ದರು.

ಅಕ್ಕನ ಮಗಳು ತೀರಿಕೊಂಡ ವರ್ಷ, ಅವಳು ನೆಟ್ಟಿದ್ದ ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಮಳೆಗೆ ಕೊಳೆಯಿತು. ಉಳಿದ ಒಂದೇ ಎಲೆಯನ್ನು ಅಕ್ಕ ಐದು ತುಂಡು ಮಾಡಿ ನೆಟ್ಟರು. ತುಂಡಿನಿಂದ ಬೆಳೆದ ಗಿಡಕ್ಕೆ ಆ ಅಂಚು ಬರುವುದಿಲ್ಲವೆಂದು ನನಗೆ ಗೊತ್ತಿತ್ತು, ಹೇಳಲಾಗಲಿಲ್ಲ.

ತಿಂಗಳುಗಳ ನಂತರ ನಾಲ್ಕು ಚಿಗುರು ಬರೀ ಹಸಿರಾಗಿಯೇ ಎದ್ದವು. ಐದನೆಯದು ಮಣ್ಣೊಡೆದ ದಿನ ಕುಂಡವನ್ನು ನನ್ನ ಬಾಗಿಲಿಗೇ ತಂದರು.

"ನನ್ನ ಕಣ್ಣು ಸರಿ ಇಲ್ಲ. ಹಳದಿ ಉಂಟಾ ನೋಡಿ."

"ಇನ್ನೂ ಚಿಕ್ಕದು ಅಕ್ಕ," ಎಂದೆ. "ಅವಸರ ಮಾಡ್ಲಿಕ್ಕೆ ಇಲ್ಲ."