ಎಡಗೈ ಹಿಡಿಯಬೇಡಿ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವುದಕ್ಕೂ ಮುಂಚೆ ಸರ್ವಮಂಗಳಮ್ಮ ಗಂಡನ ಎಡಗೈ ಮುಟ್ಟಿ ನೋಡುತ್ತಾರೆ. ಮಣಿಕಟ್ಟಿನಿಂದ ಸ್ವಲ್ಪ ಮೇಲೆ, ಹಳೆಯ ಹೊಲಿಗೆಯ ಗುರುತಿನ ಪಕ್ಕದಲ್ಲಿ ಬೆರಳಿಟ್ಟರೆ ಒಳಗೆ ಜುಂ ಎನ್ನುವ ಒಂದು ನಡುಕ ಸಿಗುತ್ತದೆ, ಮಡಿಲಲ್ಲಿ ಮಲಗಿದ ಬೆಕ್ಕು ಗುರುಗುಟ್ಟಿದ ಹಾಗೆ. ಅಲ್ಲಿ ಡಾಕ್ಟರು ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಸೇರಿಸಿ ಹೊಲಿದಿದ್ದಾರೆ. ಡಯಾಲಿಸಿಸ್ ಯಂತ್ರದ ಸೂಜಿ ಚುಚ್ಚುವುದು ಅಲ್ಲಿಗೇ. ನಡುಕ ಇದ್ದರೆ ದಾರಿ ತೆರೆದಿದೆ ಎಂದರ್ಥ. ಅದು ಸಿಕ್ಕಿದ ಮೇಲೆ ಸರ್ವಮಂಗಳಮ್ಮ "ಐತೆ" ಎನ್ನುತ್ತಾರೆ. ಬಸವಯ್ಯ ಕಣ್ಣು ಬಿಡದೆಯೇ "ಎಲ್ಲೋಯ್ತದೆ ಅದು" ಎನ್ನುತ್ತಾರೆ.

ಅವರ ಊರು ಚಿಕ್ಕಯ್ಯನಛತ್ರ ಹೋಬಳಿಯಲ್ಲಿ, ಕಪಿಲೆಯ ದಂಡೆಗೆ ಹತ್ತಿರ. ಒಂದು ರಸ್ತೆ ನಂಜನಗೂಡಿಗೆ ಹೋಗುತ್ತದೆ. ಇನ್ನೊಂದು, ಗದ್ದೆ ಬಯಲನ್ನು ಬಳಸಿಕೊಂಡು ತಿ. ನರಸೀಪುರದ ದೊಡ್ಡ ರಸ್ತೆಯನ್ನು ಸೇರುತ್ತದೆ. ಮಗ ನಂಜೇಶ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾನೆ. ಸೊಸೆ ನಯನ ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಾಳೆ. ಬಸವಯ್ಯ ಭತ್ತ, ಬಾಳೆ ಬೆಳೆದುಕೊಂಡಿದ್ದವರು. ಮೂತ್ರಪಿಂಡ ಕೈಕೊಟ್ಟ ಮೇಲೆ ಗದ್ದೆಯನ್ನು ಪಾಲಿಗೆ ಕೊಟ್ಟು, ಸೋಮವಾರ ಮತ್ತು ಗುರುವಾರ ನಂಜನಗೂಡಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಾರೆ.

ಕಷ್ಟಕಾಲಕ್ಕೆ ಕೂಡಿಡುವುದು ಸರ್ವಮಂಗಳಮ್ಮನಿಗೆ ಹೊಸದಲ್ಲ. ತವರಿನಲ್ಲಿ ಅವರ ತಾಯಿ ಬೇಸಗೆ ಮುಗಿಯುವುದರೊಳಗೆ ಅಟ್ಟ ತುಂಬಿಸುತ್ತಿದ್ದರು. ಮಗಳೂ ಹಾಗೇ ಬೆಳೆದರು. ಹುಣಸೆಹಣ್ಣು, ಮೆಣಸಿನಕಾಯಿ, ಹುರುಳಿ, ಒಣಗಿಸಿದ ಅವರೆಕಾಳು, ರಾಗಿ, ತೆಂಗಿನಕಾಯಿ, ಒಣಸೌದೆ ಎಲ್ಲವೂ ಮೊದಲ ಮಳೆಗೆ ಮುಂಚೆ ಮೇಲೇರಿರುತ್ತಿದ್ದವು. ಹೊಳೆ ತುಂಬಿ ರಸ್ತೆ ಮುಚ್ಚಿದ ವರ್ಷಗಳಲ್ಲಿ ಅಕ್ಕಪಕ್ಕದ ಮನೆಯವರೂ ಇವರ ಅಟ್ಟದಿಂದಲೇ ಉಂಡದ್ದಿದೆ. ತಾನು ಎದುರಿಸಲಾರದ ಮಳೆಗಾಲವಿಲ್ಲ ಎಂದು ಅವರು ಒಳಗೊಳಗೆ ನಂಬಿದ್ದರು.

ಆ ನಂಬಿಕೆ ಮೊದಲ ಸಲ ಅಲುಗಾಡಿದ್ದು ಒಂದು ಪಾತ್ರೆ ಸಾರಿನಿಂದ.

ಡಯಾಲಿಸಿಸ್ ಶುರುವಾದ ಹೊಸದರಲ್ಲಿ ಆಸ್ಪತ್ರೆಯ ಪಲ್ಲವಿ ಸಿಸ್ಟರ್ ಊಟದ ಕ್ರಮ ಹೇಳಿಕೊಟ್ಟಿದ್ದರು. ಸೊಪ್ಪು, ಕಾಳು, ಹಣ್ಣುಗಳಲ್ಲಿ ಪೊಟ್ಯಾಸಿಯಂ ಎಂಬ ಲವಣ ಇರುತ್ತದೆ. ಮೂತ್ರಪಿಂಡ ಸರಿಯಿದ್ದರೆ ಹೆಚ್ಚಾದದ್ದನ್ನು ಅದು ಹೊರಗೆ ಹಾಕುತ್ತದೆ. ಕೆಟ್ಟಿದ್ದರೆ ಅದು ರಕ್ತದಲ್ಲಿ ಏರುತ್ತಾ ಹೋಗಿ, ಒಂದು ಮಟ್ಟ ಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಒಂದು ಅನುಕೂಲವೆಂದರೆ ಅದು ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಸೊಪ್ಪು ತರಕಾರಿಯನ್ನು ಹೆಚ್ಚಿ, ನೆನೆಸಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಬಸಿದು ಕೊಡಿ ಎಂದಿದ್ದರು. ಸರ್ವಮಂಗಳಮ್ಮ ಒಂದು ದಿನವೂ ತಪ್ಪದೆ ಹಾಗೇ ಮಾಡಿದರು. ಆದರೂ ತಿಂಗಳ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಮೇಲೇರಿತ್ತು. ಸಿಸ್ಟರ್ ಅವರನ್ನು ಪಕ್ಕಕ್ಕೆ ಕರೆದು ಏನೇನು ಕೊಟ್ಟಿರಿ ಎಂದು ಒಂದೊಂದಾಗಿ ಕೇಳಿದರು.

"ನೀವು ಏಳ್ದಂಗೇ ಕಣವ್ವ. ಬೇಯ್ಸಿ, ಬಸ್ದೇ ಕೊಟ್ಟಿವ್ನಿ."

"ಬಸ್ದ ನೀರು ಏನ್ಮಾಡಿದ್ರಿ ಅಮ್ಮ?"

"ಏನ್ಮಾಡದು, ಬಸ್ಸಾರು ಮಾಡ್ದೆ. ಇಬ್ಬಿಬ್ರು ಉಣ್ಣೋ ಅಷ್ಟು ಒಬ್ರೇ ಉಂಡ್ರು. ಅಷ್ಟು ಚೆಂದಾಗಿತ್ತು."

ಪಲ್ಲವಿ ಸಿಸ್ಟರ್ ಹಣೆಗೆ ಕೈ ಹಚ್ಚಿಕೊಂಡರು. ತೆಗೆಯಬೇಕಾದದ್ದೆಲ್ಲ ಆ ನೀರಿಗೆ ಇಳಿದಿತ್ತು. ಆ ನೀರಿಗೇ ಖಾರ ರುಬ್ಬಿ ಹಾಕಿ ಗಂಡನ ತಟ್ಟೆಗೆ ಬಡಿಸಿದ್ದಾಗಿತ್ತು. ಸರ್ವಮಂಗಳಮ್ಮನ ಮುಖ ಇಳಿದುಹೋಯಿತು. ಸಿಸ್ಟರ್ ಬೈಯಲಿಲ್ಲ. ತಾನೂ ಇದೇ ಸೀಮೆಯವಳು, ಬಸಿದ ನೀರನ್ನು ಚೆಲ್ಲುವ ಮನೆ ಇಲ್ಲಿ ಎಲ್ಲಿದೆ, ಅದನ್ನು ತಾನೇ ಬಾಯಿಬಿಟ್ಟು ಹೇಳಬೇಕಿತ್ತು ಎಂದರು. ಅಂದಿನಿಂದ ಹೊಸದಾಗಿ ಬಂದ ಪ್ರತಿ ಮನೆಯವರಿಗೂ "ಬಸಿದು, ಆ ನೀರು ಚೆಲ್ಲಿ" ಎಂದು ಸೇರಿಸಿ ಹೇಳತೊಡಗಿದರಂತೆ. ಸರ್ವಮಂಗಳಮ್ಮ ಆ ಹುಡುಗಿಯ ಹೆಸರು ಹೇಳುವಾಗೆಲ್ಲ ಈಗಲೂ ಒಂದು ಕ್ಷಣ ಕೈ ಮುಗಿಯುತ್ತಾರೆ.

ಮುಂದಿನ ಬೇಸಗೆಯಲ್ಲಿ ಅವರು ಎಂದಿನಂತೆ ಅಟ್ಟ ತುಂಬಿಸುತ್ತಿದ್ದರು. ಕೆಳಗಿನಿಂದ ಡಬ್ಬಿಗಳನ್ನು ಎತ್ತಿಕೊಡುತ್ತಿದ್ದ ನಯನ ತಡೆದು ಕೇಳಿದಳು: "ಅತ್ತೆ, ಇದೆಲ್ಲಾ ನಮ್ಗಾಯ್ತು. ಮಾವುಂಗೆ ಇದ್ರಲ್ಲಿ ಏನೈತೆ?"

ಸರ್ವಮಂಗಳಮ್ಮ ಏಣಿಯ ಮೇಲೇ ನಿಂತರು. ಹುರುಳಿ, ಅವರೆ, ತೆಂಗಿನಕಾಯಿ, ರಾಗಿ. ಡಾಕ್ಟರು ಕಡಿಮೆ ಮಾಡಿ ಎಂದದ್ದೇ ಅಟ್ಟದ ತುಂಬ ಇತ್ತು. ಊರಿಗೆಲ್ಲ ಊಟವಿದ್ದ ಆ ಮನೆಯಲ್ಲಿ, ರಸ್ತೆ ಮುಚ್ಚಿದರೆ ಬಸವಯ್ಯನವರಿಗೆ ಬೇಕಾದ ಒಂದೇ ಒಂದು ವಸ್ತು, ಆ ಯಂತ್ರ, ಹೊಳೆಯಾಚೆ ಉಳಿಯುತ್ತಿತ್ತು. ಅದನ್ನು ಯಾವ ಡಬ್ಬಿಯಲ್ಲೂ ತುಂಬಿಡುವಂತಿರಲಿಲ್ಲ.

ಆ ವಾರ ಆಸ್ಪತ್ರೆಗೆ ಹೋದಾಗ ಅತ್ತೆ ಸೊಸೆ ಇಬ್ಬರೂ ಪಲ್ಲವಿ ಸಿಸ್ಟರ್ ಮುಂದೆ ಕೂತರು. ನಂಜನಗೂಡಿನ ದಾರಿ ಕಟ್ಟಿದರೆ ನರಸೀಪುರದ ಆಸ್ಪತ್ರೆ ಇದೆ, ಆದರೆ ಹೊಸ ಜಾಗದಲ್ಲಿ ಸುಮ್ಮನೆ ಯಂತ್ರಕ್ಕೆ ಹಾಕುವುದಿಲ್ಲ, ರಕ್ತದಲ್ಲಿ ಕಾಮಾಲೆ ಮೊದಲಾದ ರೋಗಗಳ ವೈರಸ್ ಇಲ್ಲವೆಂಬ ಇತ್ತೀಚಿನ ವರದಿ ಕೇಳುತ್ತಾರೆ, ಅದನ್ನು ಮಳೆಗೆ ಮುಂಚೆ ಮಾಡಿಸಿಟ್ಟುಕೊಳ್ಳಿ ಎಂದರು ಸಿಸ್ಟರ್. ತಾನೇ ನರಸೀಪುರಕ್ಕೆ ಫೋನ್ ಮಾಡಿ ಒಂದು ಮಾತು ಹೇಳಿದರು. ಜೊತೆಗೆ ಒಂದು ಎಚ್ಚರಿಕೆ ಕೊಟ್ಟರು: ಗಡಿಬಿಡಿಯಲ್ಲಿ ಯಾರಾದರೂ ಎಡಗೈ ಹಿಡಿದು ಜಗ್ಗಿದರೆ ಹೊಲಿದ ನಾಳ ಮುಚ್ಚಿಹೋಗಬಹುದು, ಆಗ ಆಸ್ಪತ್ರೆ ಸಿಕ್ಕಿಯೂ ಪ್ರಯೋಜನವಿಲ್ಲ.

ಹಾಗಾಗಿ ಸುಡು ಬಿಸಿಲಿನಲ್ಲಿ, ಒಂದು ತೊಟ್ಟು ಮಳೆಯಿಲ್ಲದ ದಿನ, ಗಂಡ, ಹೆಂಡತಿ, ಸೊಸೆ ಮೂವರೂ ಬಸ್ಸು ಹತ್ತಿ ನರಸೀಪುರಕ್ಕೆ ಹೊರಟರು. ಆಸ್ಪತ್ರೆ ಎಲ್ಲಿದೆ, ಡಯಾಲಿಸಿಸ್ ಕೋಣೆ ಯಾವುದು, ಯಾರನ್ನು ಕೇಳಬೇಕು ಎಂದು ನೋಡಿ ಬರುವುದಕ್ಕೆ. ಬೀದಿಯವರಿಗೆ ಇದು ದೊಡ್ಡ ತಮಾಷೆಯಾಯಿತು. ಜಗಲಿಯ ಮೇಲೆ ಕೂತಿದ್ದ ಟ್ರ್ಯಾಕ್ಟರಿನ ಕಲ್ಲಯ್ಯ, ಗಂಡಿನ ಮನೆ ನೋಡಕ್ಕೆ ಹೋಗ್ತಾವ್ರೆ ಅಂದ. ಬಸವಯ್ಯ ಹಿಂತಿರುಗಿ, ಹೌದು ಕಣ್ಲಾ, ಗಂಡು ಒಪ್ಪಿದರೆ ಊಟಕ್ಕೆ ಕರೀತೀವಿ ಎಂದರು. ಸರ್ವಮಂಗಳಮ್ಮ ನಗಲಿಲ್ಲ. ಮರುದಿನವೇ ಬೀದಿಯ ಮನೆಮನೆಗೂ ಹೋಗಿ, ಮುಂದೆ ಎಂದಾದರೂ ನಮ್ಮವರನ್ನು ಎತ್ತಿ ಕೂರಿಸಬೇಕಾಗಿ ಬಂದರೆ ಎಡಗೈ ಮಾತ್ರ ಹಿಡಿಯಬೇಡಿ, ಕಂಕುಳಿಗೆ ಕೈ ಕೊಡಿ ಎಂದು ತೋರಿಸಿ ಬಂದರು. ಕಲ್ಲಯ್ಯನಿಗೆ ಎರಡು ಸಲ ತೋರಿಸಿದರು.

ಆಷಾಢದಲ್ಲಿ ಕಪಿಲೆಯ ಮೇಲಿನ ಕಬಿನಿ ಅಣೆಕಟ್ಟೆ ತುಂಬಿತು. ಬುಧವಾರ ಪಂಚಾಯಿತಿಯ ಆಟೊ ಬಂದು, ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ, ಹೊಳೆಗೆ ಇಳಿಯಬೇಡಿ ಎಂದು ಮೈಕಿನಲ್ಲಿ ಕೂಗಿಕೊಂಡು ಹೋಯಿತು. ಗುರುವಾರ ಬೆಳಿಗ್ಗೆ ನಂಜನಗೂಡು ರಸ್ತೆಯ ಮೋರಿಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಕೆಲಸಕ್ಕೆ ಹೋಗಿದ್ದ ನಂಜೇಶ ಆ ಕಡೆಯೇ ಉಳಿದ. ನಯನ ಪಲ್ಲವಿ ಸಿಸ್ಟರಿಗೆ ಫೋನ್ ಮಾಡಿದಳು, ಅವರು ನರಸೀಪುರಕ್ಕೆ ಮಾಡಿದರು. ಇವತ್ತು ಎಲ್ಲ ಯಂತ್ರವೂ ತುಂಬಿದೆ, ನಾಳೆ ಕರೆತನ್ನಿ, ಹೇಗಾದರೂ ನೋಡೋಣ, ಅದಕ್ಕೆ ಮುಂಚೆ ಉಸಿರಾಟ ಹೆಚ್ಚು ಕಷ್ಟವಾದರೆ ಕಾಯದೆ ಬನ್ನಿ ಎಂಬ ಉತ್ತರ ಬಂತು.

ಒಂದು ದಿನ ಕಾಯುವುದೆಂದರೆ ಆರೋಗ್ಯವಂತರಿಗೆ ಏನೂ ಅಲ್ಲ. ಆದರೆ ಬಸವಯ್ಯನವರ ಮೈಯಿಂದ ನೀರು ಹೊರಹೋಗುವುದು ಯಂತ್ರದ ಮೂಲಕವೇ ಹೆಚ್ಚು. ಸೋಮವಾರದಿಂದ ಕುಡಿದದ್ದೆಲ್ಲ ಒಳಗೇ ನಿಂತು, ಕಾಲು ಊದಿ, ಮೆಲ್ಲಗೆ ಎದೆಯ ಕಡೆಗೆ ಏರುತ್ತಿತ್ತು. ಸರ್ವಮಂಗಳಮ್ಮ ಆ ದಿನದ ನೀರನ್ನು ಸಣ್ಣ ಚೊಂಬಿಗೆ ಇಳಿಸಿದರು. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಲು ಬೇರೆ ಲೋಟ ಇಟ್ಟರು, ಒಂದು ಲವಂಗ ಕೊಟ್ಟರು. ಊಟಕ್ಕೆ ಬಿಳಿ ಅನ್ನ, ನೆನೆಸಿ ಬೇಯಿಸಿದ ಒಂದಿಷ್ಟು ಹೀರೇಕಾಯಿ. ಬಸಿದ ನೀರನ್ನು ಹಿತ್ತಿಲಿಗೆ ಒಯ್ದು ತಾವೇ ಚೆಲ್ಲಿದರು. ಮನೆಯವರು ನೀರು, ಕಾಫಿ ಕುಡಿಯುವುದನ್ನೂ ಹಿತ್ತಿಲಿಗೆ ಸಾಗಿಸಿದರು, ಅವರ ಕಣ್ಣಿಗೆ ಬೀಳದಿರಲಿ ಎಂದು. ಬಸವಯ್ಯನವರಿಗೆ ಅದು ಗೊತ್ತಾಗದೇ ಇರಲಿಲ್ಲ.

ಮಧ್ಯಾಹ್ನ ಪಕ್ಕದ ಮನೆಯ ಮಲ್ಲಾಜಮ್ಮ, ಹೊಟ್ಟೆ ತಣ್ಣಗಿರಲಿ ಎಂದು ಎರಡು ಎಳನೀರು, ಒಂದು ಚಿಪ್ಪು ರಸಬಾಳೆ ತಂದರು. ಎರಡೂ ಪೊಟ್ಯಾಸಿಯಮ್ಮಿನ ಗಂಟು. ಸರ್ವಮಂಗಳಮ್ಮ ಬೇಡವೆನ್ನದೆ ತೆಗೆದುಕೊಂಡು, ಉಪಕಾರ ಹೇಳಿ ಒಳಗಿಟ್ಟರು. ಬಸವಯ್ಯ ಮಂಚದ ಮೇಲೆ ದಿಂಬಿಗೆ ಒರಗಿ ನೋಡುತ್ತಿದ್ದರು.

"ಬಾಳೆ ಬೆಳ್ದೋನ್ಗೆ ಬಾಳೆಅಣ್ಣಿಲ್ಲ, ತೆಂಗು ನೆಟ್ಟೋನ್ಗೆ ಎಳ್ನೀರಿಲ್ಲ. ಈ ಕಾಯ್ಲೆ ಮಾಡ್ದೋನು ನಮ್ ಸೀಮೆಯೋನಲ್ಲ ಬುಡು ಮಂಗಳಿ."

"ನಾಳಿಕ್ ಮಿಷಿನ್ ಆಗ್ಲಿ. ಅವ್ನ್ ಯಾವ್ ಸೀಮೆಯೋನು ಅಂತ ಆಮ್ಯಾಕೆ ವಿಚಾರ್ಸನ."

ಶುಕ್ರವಾರ ಬೆಳಗಿಗೆ ಬಸವಯ್ಯ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಮುಂದಕ್ಕೆ ಬಾಗಿ ಕೂತೇ ಇದ್ದರು. ಕಲ್ಲಯ್ಯ ಹೇಳಿಸಿಕೊಳ್ಳದೆ ಟ್ರ್ಯಾಕ್ಟರ್ ತಂದು ಬಾಗಿಲಿಗೆ ನಿಲ್ಲಿಸಿದ್ದ. ಊರಿನ ರಸ್ತೆ ತಗ್ಗಿನಲ್ಲಿ ಮುಳುಗಿದ್ದರೂ ಕಾಲುವೆ ಏರಿಯ ಮೇಲೆ ಟ್ರ್ಯಾಕ್ಟರ್ ಹೋಗುತ್ತಿತ್ತು. ಅದರಲ್ಲಿ ದೊಡ್ಡ ರಸ್ತೆಯವರೆಗೆ, ಅಲ್ಲಿ ಕಲ್ಲಯ್ಯನ ತಂಗಿಯ ಮನೆಯಲ್ಲಿ ಟ್ರ್ಯಾಕ್ಟರ್ ಬಿಟ್ಟು ಆಟೊದಲ್ಲಿ ನರಸೀಪುರಕ್ಕೆ, ರಾತ್ರಿ ಆ ತಂಗಿಯ ಮನೆಯಲ್ಲೇ ಉಳಿದು ಮರುದಿನ ಊರಿಗೆ ಎಂದು ಮಾತಾಗಿತ್ತು. ಟ್ರೇಲರಿನಲ್ಲಿ ಹುಲ್ಲು ಹಾಸಿ ಕಂಬಳಿ ಹೊದಿಸಿದ್ದರು. ಹತ್ತುವಾಗ ಬಸವಯ್ಯನವರೇ ಮರೆತು ಎಡಗೈ ಮುಂದೆ ಚಾಚಿದರು. ಬೀದಿಯಲ್ಲಿ ನಿಂತಿದ್ದ ಹೆಂಗಸರೆಲ್ಲ ಒಂದೇ ಬಾಯಿಗೆ "ಎಡಗೈ, ಎಡಗೈ" ಎಂದರು. ಕಲ್ಲಯ್ಯ ಅಷ್ಟರಲ್ಲಿ ಬಗ್ಗಿ ಅವರ ಕಂಕುಳಿಗೆ ಕೈ ಕೊಟ್ಟಾಗಿತ್ತು.

"ಗೊತ್ತು ಕಣ್ರವ್ವ. ನಮ್ಮನೆಯೋಳ ಕೈ ಇಡ್ದ ದಿನಾನೇ ಮರ್ತೋಗದೆ, ಇದು ಮರ್ತಿಲ್ಲ" ಎಂದ.

ನಯನ ಮನೆಯಲ್ಲಿ ಉಳಿದಳು. ಏರಿಯ ಎರಡೂ ಕಡೆ ಗದ್ದೆ ಯಾವುದು, ಹೊಳೆ ಯಾವುದು ತಿಳಿಯುತ್ತಿರಲಿಲ್ಲ. ಸರ್ವಮಂಗಳಮ್ಮ ನೀರಿನ ಕಡೆ ನೋಡದೆ ಗಂಡನ ಉಸಿರನ್ನಷ್ಟೇ ಕೇಳುತ್ತಾ ಕೂತಿದ್ದರು.

ನರಸೀಪುರದಲ್ಲಿ ದಾರಿ ಕೇಳಬೇಕಾಗಲಿಲ್ಲ. ಟೆಕ್ನಿಷಿಯನ್ ವರದಿ ನೋಡಿ ಸರಿಯಿದೆ ಎಂದ. ಎಡಗೈಯ ಮೇಲೆ ಬೆರಳಿಟ್ಟು ಇದೂ ಸರಿಯಿದೆ ಎಂದ. ಆದರೆ ಹೊಳೆಯಿಂದಾಗಿ ಬೇರೆ ಕಡೆಯವರೂ ಬಂದಿದ್ದರು. ಈಗ ಖಾಲಿಯಾಗುವ ಯಂತ್ರ ಇನ್ನೊಬ್ಬರ ಸರದಿ, ಇವರಿಗೆ ಮಧ್ಯಾಹ್ನದ ಮೇಲೆಯೇ ಎಂದ. ಬಸವಯ್ಯ ಬೆಂಚಿನ ಮೇಲೆ ಮೊಣಕಾಲಿಗೆ ಕೈ ಊರಿ, ಒಂದೊಂದು ಮಾತಿಗೂ ತಡೆದು ಉಸಿರೆಳೆಯುತ್ತಿದ್ದರು. ಸರ್ವಮಂಗಳಮ್ಮ ತಾವು ಮಾಡಬಹುದಾದದ್ದೆಲ್ಲ ಮುಗಿಯಿತು ಎಂದುಕೊಂಡರು. ವರದಿ, ದಾರಿ, ಜನ ಎಲ್ಲವನ್ನೂ ಹೊಂದಿಸಿದ್ದರು. ಸರದಿಯನ್ನು ಹೊಂದಿಸುವುದು ಅವರ ಕೈಯಲ್ಲಿರಲಿಲ್ಲ.

ಎದುರು ಬೆಂಚಿನಲ್ಲಿ ಒಬ್ಬ ಹೆಂಗಸು ಬಸವಯ್ಯನವರನ್ನೇ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಅವಳ ಗಂಡ ಕಡಲೆಪುರಿ ತಿನ್ನುತ್ತಿದ್ದ. ಅವಳು ಎದ್ದು ಟೆಕ್ನಿಷಿಯನ್ ಹತ್ತಿರ ಹೋದಳು.

"ಮೊದ್ಲು ಅವ್ರುನ್ ಮಲಗ್ಸಪ್ಪ. ನಮ್ಮೋರ್ದು ಮಂಗಳವಾರ ಆಗದೆ. ನೋಡು, ಪುರಿ ತಿನ್ಕಂಡು ಕೂತವ್ರೆ. ನಾವು ಆಮೇಲೆ ಆಯ್ತೀವಿ."

ಟೆಕ್ನಿಷಿಯನ್ ಅವಳ ಗಂಡನ ತೂಕ, ಬಿಪಿ ನೋಡಿ, ಡಾಕ್ಟರನ್ನು ಕೇಳಿ ಬಂದು ಒಪ್ಪಿದ. ಸರ್ವಮಂಗಳಮ್ಮ ಎದ್ದು ಬಂದರು. ಅವಳ ಕೈ ಹಿಡಿದುಕೊಂಡು ನಿಂತರು. ಗುರುಬಸಮ್ಮ ಎಂದು ಅವಳ ಹೆಸರು ತಿಳಿದದ್ದೂ ಆಮೇಲೆ, ನರ್ಸ್ ಕೂಗಿದಾಗ.

ಯಂತ್ರ ಓಡತೊಡಗಿ ಅರ್ಧ ಸಮಯ ಕಳೆಯುವಷ್ಟರಲ್ಲಿ ಬಸವಯ್ಯನವರ ಉಸಿರು ಇಳಿಯಿತು. ದಿಂಬಿನ ಮೇಲೆ ತಲೆಯಿಟ್ಟು, ಎರಡು ದಿನಗಳಲ್ಲಿ ಮೊದಲ ಸಲ ಅಂಗಾತ ಮಲಗಿ ನಿದ್ದೆ ಹೋದರು. ಮುಗಿದು ಹೊರಗೆ ಬಂದಾಗ ತಾವೇ ನಡೆದರು. ಗುರುಬಸಮ್ಮನ ಗಂಡನನ್ನು ಆಗ ಒಳಗೆ ಕರೆದರು.

ಕಲ್ಲಯ್ಯ ಆಟೊ ಗೊತ್ತುಮಾಡಿ, ಹೊರಡಿ ಎಂದು ಬಂದ. ಸರ್ವಮಂಗಳಮ್ಮ ಏಳಲಿಲ್ಲ. ಆ ದಂಪತಿಯದು ಮುಗಿಯುವ ಹೊತ್ತಿಗೆ ಹೊತ್ತು ಮುಳುಗುತ್ತದೆ, ಅವರೂರಿಗೆ ಬಸ್ಸು ಇರಲಾರದು, ನಮ್ಮಿಂದಾಗಿ ಅವರು ಇಲ್ಲೇ ಉಳಿಯುವುದೇ ಎಂದರು. ಕಲ್ಲಯ್ಯ ಬಸವಯ್ಯನವರ ಮುಖ ನೋಡಿದ. ಅವರು ಬೆಂಚಿನ ಮೇಲೆ ಕಾಲು ಚಾಚಿ, ನನಗೇನು ಆತುರವಿಲ್ಲ, ಉಸಿರಾಡಿಕೊಂಡು ಕೂತಿರುತ್ತೇನೆ ಎಂದರು.

ಗೋಡೆಗೆ ಒರಗಿದ ಗುರುಬಸಮ್ಮನಿಗೆ ತೂಕಡಿಕೆ ಬಂದಿತ್ತು. ನೀ ಒಸಿ ಮಲಗವ್ವ ಎಂದು ಸರ್ವಮಂಗಳಮ್ಮ ಅವಳ ಗಂಡನ ಮಂಚದ ಪಕ್ಕ ಹೋಗಿ ಕೂತರು. ಅವನು ಚಳಿ ಎಂದಾಗ ತಮ್ಮ ಶಾಲು ಹೊದಿಸಿದರು. ಎಲ್ಲ ಮುಗಿದು ದಂಪತಿ ಹೊರಗೆ ಬಂದಾಗ ಹೊತ್ತು ಮುಳುಗುತ್ತಿತ್ತು.

"ಯಾಕವ್ವ, ಈಗ್ಲೂ ಓಗಲ್ವ?" ಎಂದಳು ಗುರುಬಸಮ್ಮ.

"ಇಷ್ಟೊತ್ನಲ್ಲಿ ನಿಮ್ಗೆ ಬಸ್ಸೆಲ್ಲಿ ಸಿಕ್ತದೆ. ನಮ್ ಆಟೊದಲ್ಲಿ ಜಾಗ ಮಾಡ್ಕಳನ ಬನ್ನಿ."

ಕಲ್ಲಯ್ಯ ಮೆಲ್ಲಗೆ ಕೇಳಿದ: "ಯಾವೂರು ಅಂತ್ಲಾದ್ರೂ ಕೇಳ್ದಾ ಮಂಗಳಕ್ಕ?"

ಅವರು ಕೇಳಿರಲಿಲ್ಲ. ಗುರುಬಸಮ್ಮ ತನ್ನೂರು ಬನ್ನೂರಿನ ಹತ್ತಿರ ಎಂದಳು. ಅಂದರೆ ಇವರು ಹೋಗಬೇಕಾದದ್ದಕ್ಕಿಂತ ಪೂರಾ ಬೇರೆ ದಿಕ್ಕು. ಕಲ್ಲಯ್ಯ ಒಂದು ಗಳಿಗೆ ಆಕಾಶ ನೋಡಿದ. ಆಮೇಲೆ ಡ್ರೈವರನ ಪಕ್ಕದಲ್ಲಿ ತಾನು ಒತ್ತರಿಸಿ ಕೂತು, ಹಿಂದಿನ ಸೀಟನ್ನೆಲ್ಲ ಆ ನಾಲ್ವರಿಗೆ ಬಿಟ್ಟು, ಬನ್ನೂರು ರಸ್ತೆಗೆ ತಿರುಗಿಸಲು ಹೇಳಿದ.