ಮಿಸ್ತ್ರಿಯ ವೋಲ್ವೋ, ಹೆಂಡತಿಯ ಬಸ್ಸು

ಮಿಸ್ತ್ರಿ ಓಡಿಸುವ ಗಾಡಿ ಮಿಸ್ತ್ರಿಯದೇ ಎಂದು ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಮೂವತ್ತು ವರ್ಷದಿಂದ ನನ್ನ ಗ್ಯಾರೇಜು ಇದೆ. ಅರ್ಧ ಊರಿನ ಕಾರುಗಳ ಹೊಟ್ಟೆಯನ್ನು ಅಂಗಾತ ಮಲಗಿ ನೋಡಿದವನು ನಾನು. ರಿಪೇರಿ ಮುಗಿದ ಮೇಲೆ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡುವುದಕ್ಕೆ ನಮ್ಮಲ್ಲಿ ಟ್ರಾಯಲ್ ಎನ್ನುತ್ತಾರೆ. ಹಾಗಾಗಿ ನಾನು ಯಾವ ಗಾಡಿಯಲ್ಲಿ ಕುಳಿತರೂ ಅದು ಬೇರೆಯವರದು, ನಾನು ಟ್ರಾಯಲ್ ಹೊರಟವನು. ಕಳೆದ ವರ್ಷ ಹೊಚ್ಚ ಹೊಸ ವೋಲ್ವೋ ಕಾರು ತಂದಾಗಲೂ ಅದೇ ಆಯಿತು.

ಪೆಟ್ರೋಲ್ ಬಂಕಿನವನು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ಯಾರ ಗಾಡೀರಿ ಮಿಸ್ತ್ರಿ? ಬಿಲ್ ಯಾರ ಹೆಸರಿಲೆ ಬರೀಲಿ?" ಎಂದು ಕೇಳಿದ.

"ನನ್ನ ಹೆಸರಿಲೆ ಬರಿ."

"ಅದು ಇರಲಿರಿ, ಮಾಲಕರ ಹೆಸರು ಹೇಳ್ರಿ."

ನಾನು ಬಿಲ್ಲೇ ಬೇಡವೆಂದು ಹೊರಟುಬಂದೆ. ಪಕ್ಕದ ಗ್ಯಾರೇಜಿನವನಂತೂ, "ವೋಲ್ವೋ ಅಂದ್ರ ಬೆಂಗಳೂರಿಗೆ ಹೋಗೂ ಬಸ್ ಅಲ್ಲೇನೋ? ಕಾರೂ ಮಾಡ್ತಾರೇನು ಅವರು?" ಎಂದು ಹಲ್ಲು ಕಿಸಿದ. ಇನ್ನು ಕೆಲವರಿಗೆ ದುಡ್ಡು ಎಲ್ಲಿಂದ ಬಂತೆಂಬ ಹೊಟ್ಟೆನೋವು. ಅಥಣಿ ರಸ್ತೆಯಲ್ಲಿ ಬರೀ ಕಲ್ಲು, ಜಾಲಿಕಂಟಿ ಇದ್ದ ಕಾಲಕ್ಕೆ ನಾನೊಂದು ಪ್ಲಾಟು ತೆಗೆದುಕೊಂಡಿದ್ದೆ. ಆಗ ನಕ್ಕವರೂ ಇವರೇ. ಈಗ ಅಲ್ಲಿ ಬಡಾವಣೆ ಎದ್ದಿದೆ. ಪ್ಲಾಟು ಮಾರಿದೆ, ಕಾರು ತಂದೆ. "ಮಿಸ್ತ್ರಿ ಇದ್ದಾಂವ ಹಳೇದೊಂದು ತಗೊಂಡು ರಿಪೇರಿ ಮಾಡ್ಕೊಂಡಿದ್ರ ಸಾಕಿತ್ತು" ಎಂದರು. ಬೇರೆಯವರ ಹಳೆಯದನ್ನು ಹೊಸದು ಮಾಡಿ ಮಾಡಿಯೇ ನನ್ನ ಬೆನ್ನು ಬಿದ್ದುಹೋಗಿದೆ. ನನಗೆ ಹೊಸದೇ ಬೇಕಿತ್ತು. ಯಾಕೆ ಎಂದು ಯಾರಿಗೂ ಹೇಳುವ ಹಂಗು ನನಗಿಲ್ಲ.

ಆ ಗಾಡಿಯ ಬಗ್ಗೆ ಮಾತ್ರ ಎಷ್ಟು ಹೇಳಿದರೂ ಸಾಲದು. ಕಡುನೀಲಿ ಬಣ್ಣ, ಉದ್ದನೆಯ ಮೈ. ಬಾಗಿಲು ಹಾಕಿದರೆ ತುಂಬಿದ ಕಣಜದ ಮುಚ್ಚಳ ಹಾಕಿದಂತೆ ಧಪ್ ಎನ್ನುತ್ತದೆ. ನಾನು ಕಿವಿಯಿಂದಲೇ ರೋಗ ಹಿಡಿಯುವವನು; ಯಾವ ಗಾಡಿ ಬಂದರೂ ಮೊದಲು ಅದರ ಸದ್ದು ಕೇಳಿ ಆಮೇಲೆ ನಟ್ಟು ಬಿಚ್ಚುವ ಪಾನಾ ಮುಟ್ಟುತ್ತೇನೆ. ಇದರಲ್ಲಿ ಕಿವಿಗೆ ಕೆಲಸವೇ ಇಲ್ಲ. ಚಾಲೂ ಇದ್ದದ್ದನ್ನೇ ಚಾಲೂ ಮಾಡಲು ಹೋಗಿ ಬಂದ್ ಮಾಡಿದ್ದೂ ಉಂಟು. ಬಾನೆಟ್ ಎತ್ತಿ ನೋಡಿದೆ. ಎಲ್ಲಕ್ಕೂ ಮುಚ್ಚಳ, ಪಾನಾ ಹಾಕಲು ಒಂದು ಬೆರಳಿನ ಜಾಗವಿಲ್ಲ. ಮುಚ್ಚಿ, ಒರೆಸಿ, ನಕ್ಕು ಸುಮ್ಮನಾದೆ. ಮರುದಿನ ಬೆಳಿಗ್ಗೆ ಅಥಣಿ ರಸ್ತೆ ಖಾಲಿ ಇದ್ದಾಗ ಒಮ್ಮೆ ಕಾಲು ಒತ್ತಿದೆ. ಬೆನ್ನು ಸೀಟಿಗೆ ಅಂಟಿಕೊಂಡಿತು. ಐವತ್ತೆರಡು ವರ್ಷದ ನಾನು ಒಬ್ಬನೇ "ಹೋ" ಎಂದು ಕೂಗಿದೆ. ಯಾರಾದರೂ ಕೇಳಿಸಿಕೊಂಡಿದ್ದರೆ ಕೇಳಿಸಿಕೊಳ್ಳಲಿ.

ಗಿರಾಕಿಗಳ ಗಾಡಿಯಲ್ಲಿ ಕೂಡುವಾಗ ನಾವು ಸೀಟಿನ ಮೇಲೆ ಪೇಪರು ಹಾಸಿಕೊಳ್ಳುತ್ತೇವೆ. ನಮ್ಮ ಬಟ್ಟೆಯ ಎಣ್ಣೆ ತಾಗಬಾರದಲ್ಲ, ಅದಕ್ಕೆ. ಮೂವತ್ತು ವರ್ಷ ಹಾಗೆ ಪೇಪರಿನ ಮೇಲೆ ಕುಳಿತಿದ್ದೇನೆ. ವೋಲ್ವೋದ ಬೆಣ್ಣೆ ಬಣ್ಣದ ಸೀಟಿನ ಮೇಲೆ ಬೇಕೆಂದೇ ಗ್ಯಾರೇಜಿನ ಬಟ್ಟೆಯಲ್ಲಿ ಕುಳಿತೆ. ಮೊದಲ ವಾರವೇ ಕಲೆ ಬಿತ್ತು. ಬೀಳಲಿ. ನನ್ನ ಗಾಡಿ, ನನ್ನ ಎಣ್ಣೆ.

ಆದರೆ ಎಡಗಡೆಯ ಸೀಟು ಖಾಲಿಯೇ ಉಳಿಯಿತು. ನಿಜ ಹೇಳಬೇಕೆಂದರೆ ನಾನು ಈ ಗಾಡಿ ತಂದದ್ದೇ ಆ ಸೀಟಿಗಾಗಿ. ಅಲ್ಲಿ ನನ್ನ ಹೆಂಡತಿಯನ್ನು ಕೂಡಿಸಿ ಊರೆಲ್ಲ ತಿರುಗಿಸಬೇಕೆಂಬುದು ಇಪ್ಪತ್ತಾರು ವರ್ಷದ ಹಟ. ಗಾಡಿ ಬಂದ ದಿನ ಅವಳೇ ಆರತಿ ಎತ್ತಿದಳು, ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಳು, ಬಾನೆಟ್ಟಿಗೆ ಕುಂಕುಮ ಹಚ್ಚಿದಳು. ನಿಂಬೆಹಣ್ಣು ಒಡೆದು ಗಾಡಿ ಮುಂದೆ ಬಂದ ಮೇಲೆ ನಾನು ಇಳಿದು ಎಡಗಡೆಯ ಬಾಗಿಲು ತೆಗೆದು ನಿಂತೆ. ಅವಳು ಆರತಿ ತಟ್ಟೆ ಹಿಡಿದುಕೊಂಡೇ, "ಗಾಡಿ ಭಾಳ ಚಂದ ಐತ್ರಿ. ನೀವು ಅಡ್ಡಾಡ್ರಿ. ನನಗ ಬಸ್ಸ ಸಾಕು" ಎಂದು ಒಳಗೆ ಹೋದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವಳ ಹಟಕ್ಕೆ ಸರಕಾರದ ಬೆಂಬಲವೂ ಸಿಕ್ಕಿದೆ.

ಅವಳ ಹಟದ ಮೂಲ ನನಗೆ ಗೊತ್ತಿತ್ತು, ಅಂದರೆ ಗೊತ್ತಿದೆ ಎಂದುಕೊಂಡಿದ್ದೆ. ಮದುವೆಯಾಗಿ ಎರಡು ತಿಂಗಳಾಗಿತ್ತು. ಒಬ್ಬ ಸಾವ್ಕಾರರ ಹೊಸ ಕಾರು ಬ್ರೇಕಿನ ಕೆಲಸಕ್ಕೆ ಬಂದಿತ್ತು. ಟ್ರಾಯಲ್ ಎಂದರೆ ಊರ ಹೊರಗೆ ಎರಡು ಮೈಲಿ ಹೋಗಿ ತಿರುಗಿಬರುವುದು. ನಾನು ಹರೆಯದ ಹುಚ್ಚಿನಲ್ಲಿ ಮನೆಗೆ ಹೋಗಿ ಹೆಂಡತಿಯನ್ನು ಕೂಡಿಸಿಕೊಂಡು ನೆಟ್ಟಗೆ ತಿಕೋಟಾಕ್ಕೆ ಹೋದೆ. ಮಿಸ್ತ್ರಿ ಆದವನು ಒಮ್ಮೆಯಾದರೂ ಮಾಡುವ ತಪ್ಪು ಇದು. ಬಸ್ ನಿಲ್ದಾಣದ ಎದುರಿಗೆ ಗಾಡಿಯಲ್ಲೇ ಕುಳಿತು ಮಿರ್ಚಿ ಭಜಿ ತಿನ್ನುತ್ತಿದ್ದೆವು. ಯಾವುದೋ ಜೀಪಿನಲ್ಲಿ ಬಂದಿಳಿದ ಸಾವ್ಕಾರರು ನಮ್ಮನ್ನು ನೋಡಿದರು. "ಏನಲೇ, ನಿಮ್ಮಪ್ಪನ ಗಾಡಿ ಏನ ಇದು? ಸಂಸಾರ ಸಮೇತ ಸವಾರಿ ಹೊಂಟೀಯಲ್ಲ!" ಎಂದು ನಿಲ್ದಾಣದ ಮಂದಿಯೆಲ್ಲ ತಿರುಗಿ ನೋಡುವಂತೆ ಬೈದರು. ಅವಳು ಇಳಿದಳು. ನಾನು ಸಾವ್ಕಾರರನ್ನು ಕೂಡಿಸಿಕೊಂಡು ವಿಜಯಪುರಕ್ಕೆ ಬಂದೆ. ಅಂದಿನಿಂದ ಅವಳು ನಾನು ಓಡಿಸುವ ಯಾವ ಗಾಡಿಯಲ್ಲೂ ಕೂತಿಲ್ಲ.

ಆ ಬೈಗುಳ ನನ್ನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ವೋಲ್ವೋ ಬಂದ ಮೇಲೆ ನಾನು ವಾರಕ್ಕೆರಡು ಸಲ ಸುಮ್ಮಸುಮ್ಮನೆ ತಿಕೋಟಾಕ್ಕೆ ಹೋಗತೊಡಗಿದೆ. ಕಳ್ಳಕವಟಗಿಯವರೆಗೆ ದ್ರಾಕ್ಷಿ ತೋಟಗಳ ನಡುವೆ ಓಡಿಸಿ, ತಿರುಗಿ ಬರುವಾಗ ಅದೇ ನಿಲ್ದಾಣದ ಎದುರಿಗೆ ಗಾಡಿ ನಿಲ್ಲಿಸಿ, ಗಾಜು ಇಳಿಸಿ, ಚಹಾ ಕುಡಿಯುತ್ತಿದ್ದೆ. ಬೇಕಿಲ್ಲದಿದ್ದರೂ ಒಮ್ಮೆ ಹಾರ್ನ್ ಹಾಕುತ್ತಿದ್ದೆ. ಸಾವ್ಕಾರರು ತೀರಿಕೊಂಡು ಹತ್ತು ವರ್ಷವಾಗಿತ್ತು. ಆದರೂ ಅವರು ನೋಡಲಿ ಎಂದೇ ನನ್ನ ಆಸೆ.

ಹೀಗಿರುವಾಗ ಬಬಲೇಶ್ವರದಲ್ಲಿ ಅವಳ ಅಕ್ಕನ ಮಗಳ ಕುಬಸ ಬಂತು. ಬಸುರಿಗೆ ಸೀರೆ ಉಡಿಸಿ, ಸಿಹಿ ತಿನಿಸಿ, ಹರಸುವ ಕಾರ್ಯ, ತಪ್ಪಿಸುವಂತಿಲ್ಲ. ಅವಳು ಖಣ, ಸೀರೆ, ಕರಿಗಡಬು, ಉಂಡಿ ಎಲ್ಲ ತುಂಬಿದ ದೊಡ್ಡ ಬುಟ್ಟಿ ತಯಾರು ಮಾಡಿದಳು. ಇಷ್ಟು ದೊಡ್ಡ ಬುಟ್ಟಿ ಹೊತ್ತು ಬಸ್ಸಿಗೆ ಹೇಗೆ ಹೋದಾಳು, ಈ ಸಲ ಗೆದ್ದೆ ಎಂದು ನಾನು ಗಾಡಿಯನ್ನು ಬಾಗಿಲಿಗೆ ತಂದೆ. ಅವಳು ಬುಟ್ಟಿಯನ್ನು ತಂದು ಎಡಗಡೆಯ ಸೀಟಿನ ಮೇಲೆ ಇಟ್ಟಳು.

"ಬುಟ್ಟಿ ಹುಷಾರಿಲೆ ತಗೊಂಡು ಬರ್ರಿ. ನಾ ಬಸ್ಸಿಗೆ ಬರ್ತೀನಿ."

ಗಾಡಿ ಹೊರಟದ್ದೇ ತಡ, ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು. ಆ ಸೀಟಿನ ಮೇಲೆ ಭಾರ ಬಿದ್ದರೆ ಬೆಲ್ಟು ಹಾಕುವವರೆಗೆ ಗಾಡಿ ಸುಮ್ಮನಾಗುವುದಿಲ್ಲ. ಕೊನೆಗೆ ಬುಟ್ಟಿಗೇ ಬೆಲ್ಟು ಹಾಕಿದೆ. ಇಪ್ಪತ್ತಾರು ವರ್ಷ ಕಾದ ಸೀಟಿನ ಮೇಲೆ ಕರಿಗಡಬು ಸುಖವಾಗಿ ಕುಳಿತವು. ನನಗೆ ತಲೆ ಕೆಟ್ಟುಹೋಯಿತು. ಬಸ್ ನಿಲ್ದಾಣದ ಹೊರಗೆ ಕಾದು ನಿಂತು, ಅವಳು ಹತ್ತಿದ ಬಸ್ಸು ಹೊರಬಂದ ಕೂಡಲೇ ಅದರ ಬೆನ್ನು ಹತ್ತಿದೆ.

ಬಸ್ಸು ನಿಂತಲ್ಲಿ ನಿಂತೆ, ಹೊರಟಲ್ಲಿ ಹೊರಟೆ. ಕಂಡಕ್ಟರು ಕಿಟಕಿಯಿಂದ ಕೈ ಹೊರಹಾಕಿ ಮುಂದೆ ಹೋಗೆಂದು ಬೀಸಿದ. ನಾನು ಹೋಗಲಿಲ್ಲ. ಹಿಂದಿನ ಸೀಟಿನವರೆಲ್ಲ ಗಾಜಿಗೆ ಮುಖ ಹಚ್ಚಿ ನನ್ನನ್ನೇ ನೋಡುತ್ತಿದ್ದರು. ದಾರಿಯಲ್ಲೊಂದು ಹಳ್ಳಿ ಬಂದಾಗ ಬಸ್ಸಿನಿಂದ ಇಳಿದ ಮುದುಕನೊಬ್ಬ ನನ್ನ ಕಿಟಕಿಯ ಹತ್ತಿರ ಬಂದ.

"ಯಾಕೋ ಯಪ್ಪಾ, ಇಂಥಾ ಗಾಡಿ ಇಟ್ಕೊಂಡು ಬಸ್ಸಿನ ಬೆನ್ನ ಹತ್ತೀಯಲ್ಲ?"

"ಒಳಗ ನನ್ನ ಹೆಂಡ್ತಿ ಅದಾಳ."

ಮುದುಕ ಅದನ್ನು ಕಂಡಕ್ಟರಿಗೆ ಕೂಗಿ ಹೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು. ನಾಲ್ಕನೇ ಕಿಟಕಿಯಲ್ಲಿ ಕುಳಿತ ಅವಳು ಮಾತ್ರ ಹೊರಳಿ ನೋಡಲಿಲ್ಲ. ನಗಲಿ ಎಂದು ನಾನೂ ಬೆನ್ನು ಬಿಡಲಿಲ್ಲ.

ಬಬಲೇಶ್ವರದಲ್ಲಿ ಅವಳು ಇಳಿದು ನೇರ ನನ್ನ ಗಾಡಿಯ ಹತ್ತಿರ ಬಂದಳು. ಬೆಲ್ಟು ಬಿಚ್ಚಿ ಬುಟ್ಟಿ ಎತ್ತಿಕೊಂಡು, "ಸಾಕಾತೇನ್ರಿ, ಹಾದಿ ತುಂಬ ನನ್ನ ಮಾನ ಕಳದದ್ದು?" ಎಂದಳು.

ನನ್ನ ಸಿಟ್ಟು ನೆತ್ತಿಗೇರಿತು. "ಯಾರ ಮ್ಯಾಲ ನಿನ್ನ ಸಿಟ್ಟು? ಆ ಸಾವ್ಕಾರ ಸತ್ತು ಹತ್ತು ವರ್ಷಾತು. ಅವನ ಗಾಡಿಗಿಂತ ದೊಡ್ಡ ಗಾಡಿ ತಂದೀನಿ, ನಿನ್ನ ಸಲುವಾಗಿ ತಂದೀನಿ. ಇನ್ನ ಯಾರರೆ ನಿನ್ನ ಇಳಿ ಅನ್ನಲಿ, ನೋಡ್ತೀನಿ!"

ಅವಳು ಬುಟ್ಟಿಯನ್ನು ಕೆಳಗಿಟ್ಟಳು. ದನಿ ಏರಿಸಲಿಲ್ಲ.

"ಸಾವ್ಕಾರ ಯಾವಾಗ ಅಂದಾನ್ರಿ ನನಗ ಇಳಿ ಅಂತ? ಅಂವ ಬೈದದ್ದು ನಿಮಗ. ನನಗ ಇಳಿ ಅಂದವರು ನೀವು."

ನಾನು ಗಾಡಿಯಿಂದ ಇಳಿದೆ.

"ಆವತ್ತ ನಾ ಮನಿಗೆ ಹೆಂಗ ಬಂದೆ? ಇಷ್ಟ ವರ್ಷದಾಗ ಒಮ್ಮೆರೆ ಕೇಳೀರೇನು?"

"ಬಸ್ಸಿಗೆ ಬಂದಿ."

"ಕೈಯಾಗ ಒಂದು ಪೈಸಾ ಇರಲಿಲ್ರಿ. ಪಾಕೀಟು ನಿಮ್ಮ ಕಿಸೇದಾಗ ಇತ್ತು, ನೀವು ಸಾವ್ಕಾರನ್ನ ಕುಂಡ್ರಿಸಿಕೊಂಡು ಹೋದ್ರಿ. ಕಂಡಕ್ಟರ್ ಮುಂದ ಬಂದು ನಿಂತಾಗ, ಬಳಿ ಮಾರೂ ಅಜ್ಜಿ ಒಬ್ಬಾಕಿ ನನ್ನ ಟಿಕೀಟ ತಗಸಿದ್ಲು. ಮಗ್ಗಲಾಗ ಕುಂಡ್ರಿಸಿಕೊಂಡ್ಲು, ಅಳಬ್ಯಾಡ ಮಗಳ ಅಂದ್ಲು. ಬಸ್ಸಿನ್ಯಾಗ ನನ್ನ ಯಾರೂ ಇಳಿ ಅಂದಿಲ್ಲ."

ಹೌದು, ಇಳಿ ಎಂದದ್ದು ನಾನೇ. ಭಜಿಯ ಪೇಪರು ಇನ್ನೂ ಅವಳ ಕೈಯಲ್ಲಿತ್ತು, ನಾನು ಅವಳ ಮುಖ ಕೂಡ ನೋಡದೆ "ಇಳಿ ಲಗೂನ" ಎಂದಿದ್ದೆ. ಗಿರಾಕಿ ಕೈತಪ್ಪುತ್ತಾನೆಂಬ ಭಯವೊಂದೇ ಆಗ ನನಗಿತ್ತು. ಬೈಗುಳ ತಿಂದವನು ನಾನು, ನೊಂದದ್ದೂ ನಾನೇ. ಅದೇ ಅವಳ ನೋವೂ ಎಂದುಕೊಂಡು, ಸತ್ತವನ ಮೇಲೆ ಸೇಡು ತೀರಿಸಲು ಕಾರು ತಂದಿದ್ದೆ. ನನಗೆ ಬಹಳ ನಾಚಿಕೆಯಾಯಿತು. ಊರಿಗೆಲ್ಲ ಎದೆ ಸೆಟೆಸಿ ತಿರುಗುವ ನಾನು ಅವಳೆದುರು ಕಣ್ಣೆತ್ತದಾದೆ.

"ತಪ್ಪಾತು ನಂದು" ಎಂದೆ. ಸುತ್ತ ಬಸ್ಸಿಗೆ ಕಾಯುವ ಜನ ಇದ್ದರು. ಅವರಿಗೂ ಕೇಳಿಸಿತು. ಕೇಳಿಸಲಿ.

ಅವಳು ಬುಟ್ಟಿ ಎತ್ತಿಕೊಂಡು, "ಕುಬಸಕ್ಕ ಹೊತ್ತಾತು, ನಡೀರಿ" ಎಂದಳು. ಅಕ್ಕನ ಮನೆಯವರೆಗೆ ಅವಳು ನಡೆದೇ ಹೋದಳು. ನಾನು ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದೆ. ಕುಬಸಕ್ಕೆ ಬಂದವರೆಲ್ಲ ಸುತ್ತುವರಿದು ಮುಟ್ಟಿ ಮುಟ್ಟಿ ನೋಡಿದರು, ಗಾಜಿನಲ್ಲಿ ಮುಖ ನೋಡಿಕೊಂಡರು, ಬೆಲೆ ಕೇಳಿದರು. ಬೇರೆ ದಿನವಾಗಿದ್ದರೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಂದು ಬೆಲೆಯನ್ನಷ್ಟೇ ಹೇಳಿ ಪಡಸಾಲೆಯ ಮೂಲೆಗೆ ಹೋಗಿ ಕುಳಿತೆ.

ಸಂಜೆ ಅವಳು ಎಲ್ಲರಿಗೂ ಹೇಳಿ ಬಸ್ ನಿಲ್ದಾಣದ ಕಡೆ ಹೊರಟಳು. ನಾನು ಗಾಡಿಯ ಕೀಲಿಯನ್ನು ಅವಳ ಅಕ್ಕನ ಗಂಡನ ಕೈಗೆ ಕೊಟ್ಟು, ಗಾಡಿ ಇವತ್ತು ಇಲ್ಲೇ ಇರಲಿ ಎಂದೆ. ಆತ ಕೀಲಿಯನ್ನೂ ನನ್ನ ಮುಖವನ್ನೂ ನೋಡಿ, "ಕೆಟ್ಟೈತೇನು?" ಎಂದು ಕೇಳಿದ.

"ಗಾಡಿ ನೆಟ್ಟಗೈತಿ" ಎಂದು ಹೇಳಿ ಅವಳ ಹಿಂದೆ ನಡೆದೆ.

ಬಸ್ಸು ತುಂಬಿತ್ತು. ಅವಳಿಗೆ ಕಿಟಕಿ ಸಿಕ್ಕಿತು, ನಾನು ಕಂಬಿ ಹಿಡಿದು ಪಕ್ಕದಲ್ಲಿ ನಿಂತೆ. ಅವಳು ತಲೆ ಎತ್ತಿ ನೋಡಿದಳು. ನಾನು ಬಸ್ಸು ಹತ್ತಿದ್ದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಗಾಡಿ?"

"ಅಲ್ಲೇ ಬಿಟ್ಟು ಬಂದೀನಿ."

"ಹುಚ್ಚ ಹಿಡದೈತಿ ನಿಮಗ."

"ಹಿಡೀಲಿ."

ಮುಂದಿನ ಹಳ್ಳಿಯಲ್ಲಿ ಅವಳ ಪಕ್ಕದ ಹೆಂಗಸು ಇಳಿದಳು. ಅವಳು ಖಾಲಿ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡು ಸರಿದಳು. ನಾನು ಕುಳಿತೆ.

ವಿಜಯಪುರದ ನಿಲ್ದಾಣದಲ್ಲಿ ಇಳಿದ ಮೇಲೆ ಅವಳು ಬುಟ್ಟಿಯನ್ನು ಕಂಕುಳಿಗೆ ಏರಿಸಿ ನಿಂತಳು.

"ಗಾಡಿ ತರಾಕ ನಾಳಿ ಒಬ್ಬರ ಹೋಗ್ತೀರೇನು?"

"ಹೂಂ. ಮುಂಜಾನೆ ಬಸ್ಸಿಗೆ ಹೋಗ್ತೀನಿ."

"ನಾನೂ ಬರ್ತೀನಿ" ಎಂದಳು. "ಹೋಗೂಮುಂದ ಬಸ್ಸಿಗೆ ಹೋಗೂಣು. ಬರೂಮುಂದ ಗಾಡ್ಯಾಗ ಬರೂಣು. ಆದ್ರ ಪಾಕೀಟು ನನ್ನ ಕೈಯಾಗ ಇರಬೇಕು."

ನಾನು ನಾಳೆಯವರೆಗೆ ಕಾಯಲಿಲ್ಲ. ಅಲ್ಲೇ, ಅಷ್ಟು ಜನರ ನಡುವೆ ಕಿಸೆಯಿಂದ ಪಾಕೀಟು ತೆಗೆದು ಅವಳ ಕೈಗೆ ಕೊಟ್ಟೆ.