ರಾಗಿ ಗಂಜಿಯ ತೋರಣ

ನಾನು ಐದನೇ ಕ್ಲಾಸಿನಲ್ಲಿದ್ದ ದಿನಗಳಲ್ಲಿ ನಮ್ಮ ಮನೆಯಲ್ಲಿ ಏನನ್ನೂ ಎಸೆಯುತ್ತಿರಲಿಲ್ಲ. ಹರಿದ ಸೀರೆಯ ಅಂಚು, ಹಳೆಯ ಲಗ್ನಪತ್ರಿಕೆ, ಕೆಟ್ಟುಹೋದ ರೇಡಿಯೊ, ತುಕ್ಕು ಹಿಡಿದ ಪಿನ್ನು ಎಲ್ಲವೂ ಅಟ್ಟದ ಮೇಲಿನ ತಗಡಿನ ಡಬ್ಬ ಸೇರುತ್ತಿದ್ದವು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬ ಇದ್ದಿರಬೇಕು. ನಮ್ಮವ್ವ, ಅಂದರೆ ಅಪ್ಪನ ತಾಯಿ, ಆ ಡಬ್ಬವನ್ನೂ ನಂಬದೆ ಎರಡು ಒಳ್ಳೆಯ ಪಿನ್ನುಗಳನ್ನು ರವಿಕೆಗೇ ಸಿಕ್ಕಿಸಿಕೊಂಡಿರುತ್ತಿದ್ದಳು. ಒಂದು ಕಿತ್ತುಹೋದ ಹುಕ್ಕಿಗೆ, ಇನ್ನೊಂದು ನಮ್ಮ ಕಾಲಿನ ಮುಳ್ಳು ತೆಗೆಯಲಿಕ್ಕೆ.

ರಾಗಿ ಸುಗ್ಗಿ ಮುಗಿದಿತ್ತು. ಮನೆಯ ಹಳೇ ಸಾಮಾನಿನಲ್ಲಿ ಏನಾದರೂ ಮಾಡಿ ತನ್ನಿ ಎಂದು ಮೇಷ್ಟ್ರು ಹೇಳಿದ್ದರು. ನಾನು ಬಾಗಿಲ ತೋರಣಕ್ಕೆ ಕೈಹಾಕಿದೆ. ಲಗ್ನಪತ್ರಿಕೆಗಳನ್ನು ಮಾವಿನೆಲೆಯ ಹಾಗೆ ಕತ್ತರಿಸಿದೆ. ಅಂಗಡಿಯಿಂದ ಅಂಟು ತರುವ ರೂಢಿ ನಮ್ಮಲ್ಲಿರಲಿಲ್ಲ, ರಾಗಿ ಹಿಟ್ಟು ಕದಡಿ ಗಟ್ಟಿ ಗಂಜಿ ಕಾಯಿಸಿದೆ. ಅದರ ಘಮಕ್ಕೆ ಎರಡು ಸಲ ಬೆರಳು ನೆಕ್ಕಿದ್ದೂ ಉಂಟು. ಎಲೆಗಳನ್ನು ಸೀರೆಯಂಚಿಗೆ ಅಂಟಿಸಿ, ಜಾರುತ್ತಿದ್ದವಕ್ಕೆ ಡಬ್ಬದ ಪಿನ್ನು ಹಾಕಿದೆ. ಒಟ್ಟು ಏಳು, ಒಂದಕ್ಕೂ ಬಾಯಿ ಸರಿಯಾಗಿ ಮುಚ್ಚುತ್ತಿರಲಿಲ್ಲ. ಒಣಗಲೆಂದು ಕೊಟ್ಟಿಗೆಯ ಗಳಕ್ಕೆ ತೂಗುಹಾಕಿ ಕುಂಟೆಬಿಲ್ಲೆ ಆಡಲು ಓಡಿದೆ.

ತಿರುಗಿ ಬಂದಾಗ ನಮ್ಮ ಸೀಮೆಹಸು ರಾಣಿ ಕತ್ತು ಚಾಚಿ ತೋರಣ ಅಗಿಯುತ್ತಿತ್ತು. ರಾಗಿಯ ವಾಸನೆ ಬಂದರೆ ದನ ಬಿಡುತ್ತದೆಯೇ? ಹಿಡಿದು ಎಳೆದೆ. ಕೈಗೆ ಬಂದ ತುಂಡಿನಲ್ಲಿ ನಾಲ್ಕೇ ಪಿನ್ನು ಇದ್ದವು.

ರಾಣಿ ಎಂಟು ತಿಂಗಳ ಗಬ್ಬ. ಅದು ಕರು ಹಾಕಿ ಡೈರಿಗೆ ಹಾಲು ಹೋಗುವುದನ್ನೇ ಮನೆಯವರೆಲ್ಲ ಕಾಯುತ್ತಿದ್ದರು. ಹಿಂದಿನ ವರ್ಷ ಪಕ್ಕದ ಬೀದಿಯ ಎಮ್ಮೆಯೊಂದು ತಂತಿ ನುಂಗಿ ಸತ್ತಿದ್ದನ್ನು ನಾನೇ ನೋಡಿದ್ದೆ. ಸಂಜೆಯವರೆಗೂ ಬಾಯಿ ಬಿಡಲಿಲ್ಲ. ಹೊತ್ತು ಮುಳುಗುವಾಗ ತಡೆಯಲಾರದೆ ಅವ್ವನ ಸೆರಗು ಹಿಡಿದೆ.

"ಅವ್ವಾ, ರಾಣಿ ಪಿನ್ನು ತಿಂದ್ಬಿಡ್ತು."

"ಎಷ್ಟೇ?"

"ಮೂರು."

ಅವ್ವ ಬೈಯಲಿಲ್ಲ, ಅದಕ್ಕೇ ನನಗೆ ಇನ್ನೂ ಭಯವಾಯಿತು. "ನಿಮ್ಮಪ್ಪನ್ ಹತ್ರ ಉಸಿರೆತ್ತಬೇಡ. ಆ ರೇಡಿಯೊ ತಗೊಂಬಾ" ಎಂದಳು. ಅದರ ಸ್ಪೀಕರಿನ ಅಯಸ್ಕಾಂತವನ್ನು ಕಿತ್ತು ದಾರ ಕಟ್ಟಿ, ಗೋದಲಿಯ ಹುಲ್ಲಿನಲ್ಲೂ ನೆಲದ ಗಂಜಲದಲ್ಲೂ ಎಳೆದಾಡಿಸಿದಳು. ಟಕ್ಕೆಂದು ಒಂದು ಅಂಟಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮೂರನೆಯದು ಸಿಗಲೇ ಇಲ್ಲ.

ಮಾರನೆಯ ದಿನ ಡೈರಿ ಹತ್ತಿರ ಬಂದಿದ್ದ ದನದ ಡಾಕ್ಟರನ್ನು ಅವ್ವ ವಿಚಾರಿಸಿದಳು. "ಮೇವು ತಿಂತಿದ್ರೆ ಸದ್ಯಕ್ಕೆ ಭಯ ಇಲ್ಲ ಅಜ್ಜಿ. ಮೇವು ಬಿಟ್ರೆ ತಕ್ಷಣ ಹೇಳಿ, ಹೊಟ್ಟೆ ಕುಯ್ಯಬೇಕಾಗ್ತದೆ" ಎಂದರು ಅವರು. ಆ ಮಾತು ಕೇಳಿದ ಮೇಲೆ ನನಗೆ ಮುದ್ದೆ ಸೇರಲಿಲ್ಲ. ದಿನಾ ಬೆಳಗ್ಗೆ ಅಪ್ಪ ತೋಟಕ್ಕೆ ಹೋದ ಮೇಲೆ ಅವ್ವ, ನಾನು ಸಗಣಿಯಲ್ಲಿ ಅಯಸ್ಕಾಂತ ಆಡಿಸುತ್ತಿದ್ದೆವು. ಬಿಸಿ ಸಗಣಿಯ ವಾಸನೆ ಸ್ಕೂಲಿನಲ್ಲೂ ನನ್ನ ಕೈ ಬಿಡುತ್ತಿರಲಿಲ್ಲ. ರಾಣಿ ಕೆಮ್ಮಿದರೂ ಕಣ್ಣು ತುಂಬಿಕೊಳ್ಳುತ್ತಿತ್ತು.

ನಾಲ್ಕನೆಯ ದಿನ ರಾಣಿ ಹುಲ್ಲು ಮೂಸಿ ಮುಖ ತಿರುಗಿಸಿತು. ಅವ್ವ ಅದರ ಕತ್ತಿನ ಕೆಳಗಿನ ಗಂಗೆದೊಗಲು ಸವರುತ್ತಾ ತೆಲುಗಿನಲ್ಲಿ "ತಿನು ತಲ್ಲೀ, ತಿನು", ತಿನ್ನು ತಾಯಿ, ಎಂದು ಬೇಡಿಕೊಂಡಳು. ಕಷ್ಟ ಬಂದರೆ ಅವಳ ಬಾಯಿಗೆ ತೆಲುಗೇ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ರಾಣಿ ಮೇವಿಗೆ ಬಾಯಿ ಹಾಕಿತು. ಅಷ್ಟರಲ್ಲಿ ನಾನು ಜ್ವರ ಬಂದು ಮಲಗಿಬಿಟ್ಟಿದ್ದೆ.

ಮರುದಿನ ಬೆಳಗ್ಗೆ ಅವ್ವ ಹಾಸಿಗೆಯ ಹತ್ತಿರವೇ ಬಂದಳು. "ಎದ್ದೇಳೇ. ಸಿಕ್ತು ನೋಡು" ಎಂದು ಅಂಗೈ ಬಿಚ್ಚಿದಳು. ತೊಳೆದ ಪಿನ್ನು ಪಳಪಳ ಹೊಳೆಯುತ್ತಿತ್ತು. ಜೋರಾಗಿ ಅತ್ತುಬಿಟ್ಟೆ. ಅವತ್ತು ಎರಡು ಮುದ್ದೆ ಉಂಡೆ.

ತಿಂಗಳಾದ ಮೇಲೆ ರಾಣಿ ಹೆಣ್ಣು ಕರು ಹಾಕಿತು. ಏಲಕ್ಕಿ ಹಾಕಿದ ಗಿಣ್ಣು ತಿಂದು ನಾನು ತೋರಣವನ್ನೇ ಮರೆತೆ. ಒಂದು ದಿನ ಕಾಲಿಗೆ ಜಾಲಿಮುಳ್ಳು ಚುಚ್ಚಿದಾಗ ಅವ್ವ ಪಕ್ಕದ ಮನೆಗೆ ಹೋಗಿ ಪಿನ್ನು ಕೇಳಿ ತಂದಳು. ಯಾಕೆಂದು ನಾನು ಯೋಚಿಸಲಿಲ್ಲ. ರಾಣಿ ಇದ್ದ ಆರು ವರ್ಷವೂ ಅವ್ವ ಎದ್ದ ಕೂಡಲೇ ಮುಖವನ್ನೂ ತೊಳೆಯದೆ, ಮೇವು ಖಾಲಿಯಾಗಿದೆಯೇ ಎಂದು ಗೋದಲಿ ನೋಡುತ್ತಿದ್ದಳು. ವಯಸ್ಸಾದವರ ಅಭ್ಯಾಸ ಎಂದುಕೊಂಡಿದ್ದೆ.

ಹೋದ ತಿಂಗಳು ನನ್ನ ಮಗಳೂ ಸ್ಕೂಲಿಗೆಂದು ತೋರಣ ಮಾಡಿದಳು. ಎಲೆ, ದಾರ, ಅಂಟು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಅಂಗಡಿಯಿಂದ ಬಂದಿದ್ದವು, ಯಾವುದಕ್ಕೂ ವಾಸನೆಯಿರಲಿಲ್ಲ. ಅದನ್ನು ಪರದೆಗೆ ಸಿಕ್ಕಿಸಲು ಹೊಸ ಪಿನ್ನು ತೆಗೆದೆ, ಅಂಗೈಯಲ್ಲಿ ಅದು ಪಳಪಳ ಹೊಳೆಯಿತು. ಡಬ್ಬದ ಪಿನ್ನುಗಳಿಗೆಲ್ಲ ತುಕ್ಕು ಹಿಡಿದಿತ್ತು. ಎಷ್ಟು ತೊಳೆದರೂ ಅವು ಹೀಗೆ ಹೊಳೆಯುತ್ತಿರಲಿಲ್ಲ.

ನಿಂತಲ್ಲೇ ಕೂತುಬಿಟ್ಟೆ. ಅವ್ವ ಹೋಗಿ ಬಹಳ ವರ್ಷವಾಯಿತು. ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಬೈಕು ನಿಲ್ಲಿಸುತ್ತಾರೆ. ಮಗಳ ಪರೀಕ್ಷೆ, ಅಮ್ಮನ ಸಕ್ಕರೆ ಕಾಯಿಲೆ ಎಂದು ಎದೆ ಢವಗುಟ್ಟುವ ದಿನಗಳು ನನಗೆ ಈಗಲೂ ಬರುತ್ತವೆ. ತನ್ನ ರವಿಕೆಯ ಪಿನ್ನು ಬಿಚ್ಚಿ ನನ್ನ ಕೈಗಿಟ್ಟು, ನನ್ನ ಭಯವನ್ನು ತಾನೊಬ್ಬಳೇ ಆರು ವರ್ಷ ಇಟ್ಟುಕೊಳ್ಳುವವಳು ಮಾತ್ರ ಇಲ್ಲ.